ನೀರು ಬರಲಿ, ಮಣ್ಣು ಬರಬಾರದು

ಆಟಿ ತಿಂಗಳು ಹಿಡಿಯಲು ಇನ್ನೂ ನಾಲ್ಕೈದು ದಿನ ಇತ್ತು. 2023ರ ಜುಲೈ. ಅಕ್ಕ ಫೋನ್ ಮಾಡಿ, "ಏರಿಯ ಕೆಳಗೆ ಒಂದು ಒಸರು ಎದ್ದಿದೆ ಮಾರಾಯ. ನೋಡ್ಲಿಕ್ಕೆ ಚಂದ ಉಂಟು. ಗೆಸ್ಟ್‌ಗಳು ಫೋಟೋ ತೆಗೀತಿದ್ದಾರೆ" ಎಂದಳು. ಭಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಹೋಂಸ್ಟೇಯ ನಾಲ್ಕು ಕೋಣೆ, ಎರಡು ಪೆಡಲ್ ಬೋಟು, ಒಂದು ಕೆರೆ, ಎಲ್ಲವೂ ಅಕ್ಕನ ತಲೆಯ ಮೇಲೆ. ಉಡುಪಿಯಲ್ಲಿ ಸೊಸೈಟಿ ಕೆಲಸ ಮುಗಿಸಿ ಭಾನುವಾರ ಮಾತ್ರ ಹೋಗಿ ಬರುತ್ತಿದ್ದ ನನಗೆ ಆ ಕೆರೆಯೆಂದರೆ ಗಾಳ ಹಾಕಿ ಕೂರುವ ಜಾಗ, ಅಷ್ಟೇ.

ಹಿರಿಯಡ್ಕ ದಾಟಿ ಪೆರ್ಡೂರಿನ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಜಾಗ. ಮೂರು ಬದಿ ಗುಡ್ಡ, ನಾಲ್ಕನೆಯ ಬದಿಗೆ ಹಿಂದಿನವರು ಒಂದು ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಿದ್ದರು. ನಮ್ಮಲ್ಲಿ ಇದಕ್ಕೆ ಮದಕ ಎನ್ನುತ್ತಾರೆ. ಮದಕದ ನೀರನ್ನು ಯಾರೂ ನೇರ ಗದ್ದೆಗೆ ಬಿಡುತ್ತಿರಲಿಲ್ಲ. ಅದು ಇಂಗಿ ಕೆಳಗಿನ ಬಾವಿಗಳಿಗೆ ಇಳಿಯಬೇಕು, ಅದೇ ಅದರ ಕೆಲಸ. ಹಳೆಯ ಏರಿ ಮೂರು ಮೀಟರ್ ಎತ್ತರ, ಬುಡದಲ್ಲಿ ಕಲ್ಲು ಕಟ್ಟಿದ ಒಂದು ತೂಬು, ಬಲಬದಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಪಾದೆ, ಅಂದರೆ ಹಾಸುಬಂಡೆಯ ಮೇಲೆ ಹರಿದುಹೋಗುವ ಕೋಡಿ. ಮಾರ್ಚ್ ಬಂದರೆ ಮೊಣಕಾಲುದ್ದ ನೀರು.

ಮೊಣಕಾಲುದ್ದ ನೀರಿನಲ್ಲಿ ಬೋಟು ಓಡುತ್ತದೆಯೇ? ಭಾವ ಏರಿಯನ್ನು ಎರಡು ಮೀಟರ್ ಏರಿಸಿದರು. ಕೋಣೆಗಳಿಗೆಂದು ಗುಡ್ಡ ಕಡಿದ ಮಣ್ಣು ಅಲ್ಲೇ ರಾಶಿ ಬಿದ್ದಿತ್ತು. ಹಿಟಾಚಿಯವನು ಅದನ್ನೇ ಮಗುಚಿ, ಮೇಲೆ ನಾಲ್ಕು ಸಲ ಓಡಾಡಿ, "ಆಯ್ತು" ಎಂದು ಹೋದ. ಏರಿಯ ಮೇಲೆ ಗೆಸ್ಟ್‌ಗಳು ಸಂಜೆ ನಡೆಯಲೆಂದು ಇಂಟರ್‌ಲಾಕ್ ಹಾಸಿದರು. ಹಾದಿಗೆ ಅಡ್ಡ ಬರುತ್ತದೆಂದು ತೆರೆದ ಕೋಡಿಯನ್ನು ಮುಚ್ಚಿ, ಹತ್ತಿಂಚಿನ ಎರಡು ಪಿವಿಸಿ ಪೈಪು ಇಟ್ಟರು. ಕಾಟ್ಲಾ, ರೋಹು ಬಿಟ್ಟಿದ್ದರಲ್ಲ, ಅವು ತಪ್ಪಿಸಿಕೊಳ್ಳಬಾರದೆಂದು ಪೈಪಿನ ಬಾಯಿಗೆ ಬಲೆ. ತೂಬು ಸೋರುತ್ತದೆಂದು ಕಾಂಕ್ರೀಟು ಹಾಕಿ ಬಂದ್. ನೆರಳಿಗೆ ಏರಿಯುದ್ದಕ್ಕೂ ತೆಂಗು, ಅಕೇಶಿಯಾ, ಮಧ್ಯದಲ್ಲಿ ಒಂದು ಕಸಿ ಮಾವು. ನಿಜ ಹೇಳಬೇಕೆಂದರೆ ಬಹಳ ಚಂದ ಕಾಣುತ್ತಿತ್ತು. ನಾನೂ ಹೊಗಳಿದವನೇ.

2020ರ ಸೆಪ್ಟೆಂಬರ್ 20ರ ಮಳೆ ಉಡುಪಿಯವರಿಗೆ ಮರೆತಿರಲಿಕ್ಕಿಲ್ಲ. ಒಂದು ರಾತ್ರಿ ಕಳೆದು ಬೆಳಗಾಗುವಾಗ ಊರಿಗೆ ಊರೇ ನೀರಿನಲ್ಲಿತ್ತು. ಆ ದಿನ ಮದಕದ ನೀರು ಏರಿಯ ನೆತ್ತಿಗೆ ಒಂದು ಗೇಣು ಕಡಿಮೆ ನಿಂತು ಇಳಿಯಿತು. "ನೋಡಿದ್ಯಾ, ಅಂಥಾ ಮಳೆಗೂ ಜಗ್ಗಲಿಲ್ಲ" ಎಂದು ಭಾವ ಆಮೇಲೆ ಎಷ್ಟು ಜನರಿಗೆ ಹೇಳಿದರೋ. ಆ ಒಂದು ಗೇಣಿನ ಅರ್ಥ ನಮಗೆ ಮೂರು ವರ್ಷ ಕಳೆದು ತಿಳಿಯಿತು.

ಭಾನುವಾರ ಹೋಗಿ ನೋಡಿದೆ. ಏರಿಯ ಹೊರಬದಿಯ ಇಳಿಜಾರಿನಲ್ಲಿ, ಅರ್ಧಕ್ಕಿಂತ ಸ್ವಲ್ಪ ಮೇಲೆ, ಹುಲ್ಲು ಬೇರೆ ಕಡೆಗಿಂತ ಹಸಿರಾಗಿತ್ತು. ಅದರ ನಡುವಿನಿಂದ ಹೆಬ್ಬೆರಳು ಗಾತ್ರದ ನೀರು. ತಿಳಿಯಾಗಿಯೇ ಇತ್ತು. ಪರಿಚಯದ ಒಬ್ಬರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅವರಿಗೆ ಫೋನ್ ಹಚ್ಚಿದೆ. ಅವರು ಹೆದರಿಸಲಿಲ್ಲ. ಮಣ್ಣಿನ ಏರಿ ಎಂದ ಮೇಲೆ ಸ್ವಲ್ಪ ಒಸರುವುದು ಇದ್ದದ್ದೇ ಎಂದರು. "ಹತ್ತು ಲೀಟರಿನ ಬಕೆಟ್ ಇಟ್ಟು ತುಂಬಲಿಕ್ಕೆ ಎಷ್ಟು ಸೆಕೆಂಡು ಬೇಕು ಬರೆದಿಡಿ. ಒಂದು ಗಾಜಿನ ಲೋಟದಲ್ಲಿ ಅದೇ ನೀರು ಹಿಡಿದು ರಾತ್ರಿ ಇಡಿ, ಬೆಳಿಗ್ಗೆ ತಳ ನೋಡಿ. ದಿನಾಲೂ." ಮೊದಲ ದಿನ 50 ಸೆಕೆಂಡು. ಲೋಟದ ತಳದಲ್ಲಿ ಏನೂ ಇರಲಿಲ್ಲ. ಅಕ್ಕ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದಳು.

ಐದನೆಯ ದಿನ 38. ಏಳನೆಯ ದಿನ ಬೆಳಿಗ್ಗೆ ಲೋಟದ ತಳದಲ್ಲಿ ಉಗುರಿನ ದಪ್ಪಕ್ಕೆ ಬಿಳಿ ಮಣ್ಣು. ಅವಳು ಅದರ ಫೋಟೋ ಕಳಿಸುವಾಗ ನಾನು ಕೌಂಟರಿನಲ್ಲಿದ್ದೆ. ರಜೆ ಹಾಕಿ ಹೊರಟೆ. ಸಂಜೆಗೆ ಮಳೆ ಹಿಡಿಯಿತು, ಘಟ್ಟದ ಬದಿಯ ಮಳೆ, ಬಿಡುವ ಮಾತೇ ಇಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಟಾರ್ಚ್ ಹಿಡಿದು ಇಳಿದರೆ ಒಸರಿನ ನೀರು ಗಂಜಿ ತಿಳಿಯ ಬಣ್ಣಕ್ಕೆ ತಿರುಗಿತ್ತು. ಬಾಯಿ ಅಗಲವಾಗಿತ್ತು, ನನ್ನ ಮುಷ್ಟಿ ಹೋಗುವಷ್ಟು. ನೀರಿನೊಂದಿಗೆ ಮಣ್ಣಿನ ಸಣ್ಣ ಸಣ್ಣ ಹೆಂಟೆ ಉರುಳಿ ಬರುತ್ತಿತ್ತು.

ತೂತು ಕಂಡರೆ ಮುಚ್ಚಬೇಕೆಂದು ಯಾರಿಗಾದರೂ ಅನಿಸುತ್ತದೆ. ನಾನು ಮತ್ತು ಕೆಲಸದ ಇಬ್ಬರು ಜೇಡಿಮಣ್ಣು ಕಲಸಿ ತುರುಕಿ, ಮೇಲೆ ಮರಳಿನ ಚೀಲ ಒತ್ತಿದೆವು. ಹತ್ತು ನಿಮಿಷ ನಿಂತಿತು. ಆಮೇಲೆ ಒಂದು ಮಾರು ಆಚೆ ಹುಲ್ಲು ಉಬ್ಬಿ, ಚಿಮ್ಮಿ, ಹೊಸ ಬಾಯಿ ತೆರೆಯಿತು. ಆಗ ಇಂಜಿನಿಯರಿಗೆ ಫೋನ್ ಮಾಡಿದರೆ ಅವರು ಬೈದೇಬಿಟ್ಟರು. "ಮುಚ್ಚಬೇಡಿ ಅಂದ್ರೆ! ಮುಚ್ಚಿದ್ರೆ ಒಳಗೆ ಒತ್ತಡ ಏರ್ತದೆ, ಅದು ಬೇರೆ ದಾರಿ ಹುಡುಕ್ತದೆ. ನೀರು ಬರಲಿ, ಮಣ್ಣು ಬರಬಾರದು. ದಪ್ಪ ಹೊಯಿಗೆ, ಮರಳು, ಹಾಕಿ, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ, ಮೇಲೆ ಭಾರಕ್ಕೆ ಕಲ್ಲು. ಕಾಫಿ ಸೋಸಿದ ಹಾಗೆ."

ಪುಣ್ಯಕ್ಕೆ ಕೆಳಗಿನ ತೋಟದ ಅಜ್ಜನ ಮಗ ಮನೆ ಕಟ್ಟಿಸುತ್ತಿದ್ದ. ಹೊಯಿಗೆ, ಜಲ್ಲಿ ಅಂಗಳದಲ್ಲೇ ಇತ್ತು. ಬಾಂಡಲಿಯಲ್ಲಿ ಹೊತ್ತು ಹೊತ್ತು ರಾತ್ರಿ ಎರಡಾಯಿತು. ಹೊಯಿಗೆಯ ಮೊದಲ ಇಪ್ಪತ್ತು ಬಾಂಡಲಿ ಕೊಚ್ಚಿಕೊಂಡೇ ಹೋಯಿತು. ಮೊದಲು ದೊಡ್ಡ ಜಲ್ಲಿ ಸುರಿದು ನೀರಿನ ವೇಗ ಮುರಿದು, ಮತ್ತೆ ಹೊಯಿಗೆಯಿಂದ ಶುರುಮಾಡಬೇಕಾಯಿತು. ಅಜ್ಜನಿಗೆ, "ಇವತ್ತೊಂದು ರಾತ್ರಿ ಮೇಲಿನ ಮನೆಗೆ ಬನ್ನಿ" ಎಂದು ಕೈ ಮುಗಿದು ಕೇಳಿದೆ. "ನಾನು ಹುಟ್ಟುವ ಮುಂಚಿನ ಮದಕ ಅದು, ಎಂತ ಆಗ್ತದೆ?" ಎಂದರು. ಎರಡು ಮೀಟರ್ ನಾವು ಸೇರಿಸಿದ್ದು ಅಜ್ಜ, ಅದು ನೀವು ಹುಟ್ಟಿದ ಮೇಲಿನದ್ದು ಎಂದೆ. ಒಂದು ಕ್ಷಣ ನೋಡಿ, ದನದ ಹಗ್ಗ ಬಿಚ್ಚಿಕೊಂಡು ಹೊರಟರು. ಒಂದು ಎಕರೆ ಹರವಿನ ಕೆರೆ, ಸರಾಸರಿ ಎರಡು ಮೀಟರ್ ಆಳ ಹಿಡಿದರೂ 80 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ 800 ಟ್ಯಾಂಕರು ಅವರ ಮನೆಯ ಮಾಡಿನ ಮೇಲ್ಗಡೆ ನಿಂತ ಲೆಕ್ಕ. ಈ ಗುಣಾಕಾರವನ್ನು ನಾನು ಆ ರಾತ್ರಿಯವರೆಗೆ ಮಾಡಿರಲಿಲ್ಲ.

ಬೆಳಗಿನ ಜಾವ ನೀರು ತಿಳಿಯಾಯಿತು. ಹರಿವು ನಿಲ್ಲಲಿಲ್ಲ, ಬಣ್ಣ ಮಾತ್ರ ಬದಲಾಯಿತು. ಎಂಟು ಗಂಟೆಗೆ ಇಂಜಿನಿಯರ್ ಸರ್ ರೈನ್‌ಕೋಟು ಹಾಕಿ ಬಂದರು, ಹಿಂದೆಯೇ ಹಿಟಾಚಿ. ಕೆರೆ ಖಾಲಿ ಮಾಡಲು ತೂಬು ಇಲ್ಲ, ಭಾವ ಮುಚ್ಚಿಯಾಗಿತ್ತು. ಹಿಟಾಚಿಯವನು ಏರಿಯನ್ನೇ ಒಂದು ಕಡೆ ಕಡಿದುಬಿಡುವ ಎಂದ. ಸರ್ ಅವನನ್ನು ತಡೆದು ಹಳೆಯ ಕೋಡಿಯ ಜಾಗಕ್ಕೆ ಕರೆದುಕೊಂಡು ಹೋದರು. ಹಾಕಿದ ಮಣ್ಣಿನಲ್ಲಿ ಕಣಿ ತೋಡಿದರೆ ನೀರು ಅದನ್ನು ತಾನೇ ಅಗಲ ಮಾಡುತ್ತಾ ಹೋಗುತ್ತದೆ, ಆಮೇಲೆ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಪಾದೆಯಲ್ಲಾದರೆ ಕೊರೆದಷ್ಟೇ. ಪಿವಿಸಿ ಪೈಪಿನ ಬಾಯಿಯ ಬಲೆಗೆ ಅಕೇಶಿಯಾ ಎಲೆ ಚಾಪೆಯಂತೆ ಮೆತ್ತಿಕೊಂಡು ನೀರು ಹೋಗುತ್ತಲೇ ಇರಲಿಲ್ಲ. ಅದನ್ನು ಕಿತ್ತೆಸೆದು, ಮುರಕಲ್ಲು ಒಡೆದು ಒಂದು ಕಣಿ ಮಾಡಿದೆವು. ಅದನ್ನೂ ಒಮ್ಮೆಲೇ ಆಳ ಮಾಡಲು ಬಿಡಲಿಲ್ಲ. ದಿನಕ್ಕೆ ಒಂದಡಿಗಿಂತ ಹೆಚ್ಚು ನೀರು ಇಳಿಯಬಾರದಂತೆ. ಒಳಬದಿಯ ಮಣ್ಣು ನೆಂದು ತೂಕ ಹಿಡಿದಿರುತ್ತದೆ, ಎದುರಿಗಿನ ನೀರೇ ಅದಕ್ಕೆ ಆನಿಕೆ. ಆನಿಕೆ ತಟ್ಟನೆ ತೆಗೆದರೆ ಒಳಗಿನ ನೀರು ಹೊರಬರಲು ಪುರಸೊತ್ತಿಲ್ಲದೆ ಇಳಿಜಾರು ಕೆರೆಯೊಳಗೇ ಜಾರುತ್ತದೆ. ಖಾಲಿ ಮಾಡುವಾಗಲೂ ಏರಿ ಕುಸಿಯಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಮಳೆ ಬಿಟ್ಟ ಮೇಲೆ ಸರ್ ಸಮಾಧಾನವಾಗಿ ಬಂದು ಒಂದು ದಿನವಿಡೀ ಕಳೆದರು. ಮೊದಲು ಎರಡು ಲೋಟ ನೀರು ತರಿಸಿದರು. ಹಳೆಯ ಏರಿಯ ಒಂದು ಹೆಂಟೆ, ಭಾವ ಹಾಕಿಸಿದ ಮಣ್ಣಿನ ಒಂದು ಹೆಂಟೆ, ಎರಡನ್ನೂ ಒಣಗಿಸಿ ಬೇರೆ ಬೇರೆ ಲೋಟಕ್ಕೆ ಬಿಟ್ಟರು. ಹಳೆಯ ಕೆಂಪು ಹೆಂಟೆ ಗುಳ್ಳೆ ಬಿಟ್ಟು ಹಾಗೆಯೇ ಕೂತಿತು. ಹೊಸದು ಎರಡು ನಿಮಿಷದಲ್ಲಿ ಅಕ್ಕಿಹಿಟ್ಟಿನಂತೆ ಹರಡಿ ನೀರು ಹಾಲಾಯಿತು. "ಶೇಡಿ" ಎಂದರು. ನಮ್ಮ ಕರಾವಳಿಯಲ್ಲಿ ಬಾವಿ ತೋಡಿದವರಿಗೆಲ್ಲ ಗೊತ್ತು, ಮುರಕಲ್ಲು ಮುಗಿದ ಕೂಡಲೇ ಕೆಳಗೆ ಸಿಗುವ ಬಿಳಿ, ಹಳದಿ, ನಸುಗೆಂಪು ಮಣ್ಣು. ಒಣಗಿದಾಗ ಹಾರೆ ಹಿಡಿಯದಷ್ಟು ಗಟ್ಟಿ, ನೆಂದರೆ ಹಿಡಿತವೇ ಇಲ್ಲ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆದಿದೆ ಎಂದೂ ಹೇಳಿದರು. ಗುಡ್ಡ ಕಡಿದಾಗ ಸಿಕ್ಕಿದ್ದು ಅದೇ, ಏರಿಗೆ ಬಿದ್ದದ್ದೂ ಅದೇ. ಸಾಲದ್ದಕ್ಕೆ ಹಳೆಯ ಏರಿಯ ಹುಲ್ಲನ್ನೂ ಕೆರೆಯದೆ ಅದರ ಮೇಲೇ ಸುರಿದಿದ್ದರು. ಹಳತು ಹೊಸತು ಕೂಡುವ ಆ ಗೆರೆಯಲ್ಲೇ ನೀರು ದಾರಿ ಮಾಡಿಕೊಂಡದ್ದು.

ಆಮೇಲೆ ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬು ಹಿಡಿದು ಏರಿಯ ನೆತ್ತಿಯನ್ನು ಈ ತುದಿಯಿಂದ ಆ ತುದಿಗೆ ಅಳೆದರು. ಕಣ್ಣಿಗೆ ಸಪಾಟಾಗಿ ಕಾಣುತ್ತಿದ್ದ ಹಾದಿ ಮಧ್ಯದಲ್ಲಿ 22 ಸೆಂಟಿಮೀಟರ್ ತಗ್ಗಿತ್ತು. ಒತ್ತದೆ ಹಾಕಿದ ಮಣ್ಣು ಕೂತಿತ್ತು, ಅದೂ ಬುಡದಿಂದ ಅಳೆದರೆ ಏರಿ ಎಲ್ಲಿ ಅತಿ ಎತ್ತರವೋ ಅಲ್ಲಿ. ನೀರು ಉಕ್ಕಿದರೆ ಮೊದಲು ಉಕ್ಕುವುದು ಅಲ್ಲೇ, ಹೊರಬದಿಯನ್ನು ಕೊರೆಯುವುದೂ ಅಲ್ಲೇ. 2020ರ ಒಂದು ಗೇಣು ಎಂದರೆ ಆ ತಗ್ಗಿಗೆ ಉಳಿದಿದ್ದ ಅಂತರ.

ಕೋಡಿಯ ಲೆಕ್ಕವನ್ನು ಅವರು ಬಿಲ್ಲಿನ ಹಿಂದೆ ಮಾಡಿ ತೋರಿಸಿದರು. ಇಪ್ಪತ್ತು ಎಕರೆ, ಅಂದರೆ ಎಂಟು ಹೆಕ್ಟೇರ್ ಗುಡ್ಡದ ನೀರು ಇಲ್ಲಿಗೆ ಬರುತ್ತದೆ. ಗಂಟೆಗೆ 100 ಮಿಲಿಮೀಟರ್ ಬಡಿದು, ಅದರಲ್ಲಿ ನೂರಕ್ಕೆ ಅರವತ್ತು ಪಾಲು ಹರಿದು ಬಂದರೆ ಸೆಕೆಂಡಿಗೆ 1,300 ಲೀಟರಿಗೂ ಮೇಲೆ. ಎರಡು ಪೈಪು ಬಲೆಯಿಲ್ಲದೆ ಪೂರ್ತಿ ತುಂಬಿ ಹರಿದರೂ 200ರ ಆಸುಪಾಸು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಮಳೆ ಬೀಳುವ ಜಿಲ್ಲೆಯಲ್ಲಿ ಭಾವ ಸ್ನಾನದ ಮನೆಯ ನೀರು ಬಿಡುವ ಹಾಗೆ ಬಿಟ್ಟಿದ್ದರು. ಏರಿ ಎಷ್ಟು ದಪ್ಪವಿದ್ದರೇನು, ಹೆಚ್ಚಾದ ನೀರಿಗೆ ಅಗಲವಾದ ದಾರಿ ಇಲ್ಲದಿದ್ದರೆ ಅದು ಏರಿಯ ಮೇಲಿನಿಂದಲೇ ದಾರಿ ಮಾಡಿಕೊಳ್ಳುತ್ತದೆ.

ಬೋಟು ಹತ್ತುವ ಕಟ್ಟೆ, ಅಂದರೆ ಜಟ್ಟಿಯ ಮೇಲೆ ಚಾ ಕುಡಿಯುತ್ತಾ ಅವರು ಹೇಳಿದ ಒಂದು ಕಥೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ 22 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು. ಅದನ್ನು ಕೊಂಡದ್ದು ಮೀನು ಹಿಡಿಯಲಿಕ್ಕೂ ದೋಣಿ ಬಿಡಲಿಕ್ಕೂ ಮಾಡಿಕೊಂಡ ಶ್ರೀಮಂತರ ಒಂದು ಕ್ಲಬ್ಬು. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯೂ ಅದರ ಸದಸ್ಯ. ಅಡಿಯಲ್ಲಿ ನೀರು ಬಿಡುವ ಪೈಪುಗಳನ್ನು ಹಿಂದಿನ ಮಾಲೀಕ ಗುಜರಿಗೆ ಹಾಕಿದ್ದ. ಇವರು ಮತ್ತೆ ಹಾಕಲಿಲ್ಲ. ಸಾರೋಟು ಓಡಾಡಲೆಂದು ಏರಿಯ ನೆತ್ತಿ ತಗ್ಗಿಸಿ ಅಗಲ ಮಾಡಿದರು. ಮೀನು ಹೋಗಬಾರದೆಂದು ಕೋಡಿಗೆ ಜಾಲರಿ. 1889ರ ಮೇ 31ರ ಮಳೆಗೆ ನೀರು ನೆತ್ತಿ ಹತ್ತಿತು, ಏರಿ ಹೋಯಿತು, ಕೆಳಗಿನ ಜಾನ್ಸ್‌ಟೌನ್ ಪಟ್ಟಣವೂ ಹೋಯಿತು. ಸತ್ತವರು 2,209. ಅಕ್ಕ ಒಳಗಿನಿಂದ ಬಂದವಳು ನಿಂತಲ್ಲೇ ಕೇಳುತ್ತಿದ್ದಳು. "ಇವರು ಅದನ್ನು ಓದಿರ್ಲಿಲ್ಲ" ಎಂದಳು. ಭಾವನನ್ನು ಬಿಟ್ಟುಕೊಡುವ ಹೆಂಗಸಲ್ಲ ಅವಳು. ಆದರೆ ಮರುದಿನ ಅಕೇಶಿಯಾ ಕಡಿಯುವವರಿಗೆ ಫೋನ್ ಮಾಡಿದ್ದು ಅವಳೇ.

ಕಾನೂನಿನ ವಿಷಯವನ್ನೂ ವಿಚಾರಿಸಿದೆ. ಡ್ಯಾಮ್ ಸೇಫ್ಟಿ ಕಾಯ್ದೆ 2021ರಲ್ಲಿ ಬಂದಿದೆಯಾದರೂ ಅದು ಹಿಡಿಯುವುದು 15 ಮೀಟರಿಗಿಂತ ಎತ್ತರದವನ್ನು, ಮತ್ತೆ 10ರಿಂದ 15 ಮೀಟರಿನ ಕೆಲವನ್ನು. ನಮ್ಮ ಐದು ಮೀಟರು ಅದರ ಕಣ್ಣಿಗೇ ಬೀಳದು. ಪಂಚಾಯತಿನಲ್ಲಿ ಕೇಳಿದರೆ, ಇಂಥದ್ದಕ್ಕೆ ಅರ್ಜಿ ನಮೂನೆಯೇ ಇಲ್ಲ ಎಂದರು. ಹಾಗಾದರೆ ಒಡೆದರೆ ನಮ್ಮ ತಲೆಗೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ವಕೀಲನಾಗಿರುವ ಚಿಕ್ಕಪ್ಪನ ಮಗ ನಕ್ಕ. ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕನೊಬ್ಬ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿ ಕೇಸಾಗಿ, 1868ರಲ್ಲೇ ತೀರ್ಪು ಬಂದಿದೆಯಂತೆ: ತನ್ನ ಜಾಗದಲ್ಲಿ ಅಪಾಯದ ವಸ್ತು ಕೂಡಿಟ್ಟವನು, ತಪ್ಪಿರಲಿ ಬಿಡಲಿ, ಅದು ಹೊರಬಿದ್ದರೆ ನಷ್ಟ ಕಟ್ಟಿಕೊಡಬೇಕು. ಕಾನೂನು ಕಾಲೇಜಿನಲ್ಲಿ ಮೊದಲ ವರ್ಷವೇ ಇದನ್ನು ಕಲಿಸುತ್ತಾರಂತೆ.

ಜನವರಿಯಲ್ಲಿ ಕೆಲಸ ಹಿಡಿದೆವು, ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮುಗಿಯಬೇಕೆಂದು. ಶೇಡಿಯನ್ನೆಲ್ಲ ಬಗೆದು ತೆಗೆದಾಗ ಕೆಳಗೆ ಹಳೆಯ ಏರಿ ಹೊರಬಂತು. ಎಷ್ಟು ಗಟ್ಟಿ ಎಂದರೆ ಹಿಟಾಚಿಯ ಹಲ್ಲು ಗೀರು ಹಾಕಿದ್ದು ಬಿಟ್ಟರೆ ಏನೂ ಆಗಲಿಲ್ಲ. ಯಾರು, ಯಾವ ಕಾಲದಲ್ಲಿ ತುಳಿದು ಕೂರಿಸಿದ್ದೋ. ಅದರ ಮೈಗೆ ಮೆಟ್ಟಿಲು ಕಡಿದು, ಹೊಸ ಮಣ್ಣು ಅದಕ್ಕೆ ಹಲ್ಲುಕಚ್ಚಿ ಕೂರುವಂತೆ ಮಾಡಿದರು. ಮಣ್ಣು ಬೇರೆ ಕಡೆಯಿಂದ ತರಿಸಿದ ಅಂಟಿನ ಕೆಂಪು ಮಣ್ಣು. ಸರ್ ಪ್ರತಿ ಲೋಡಿನಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಸೊಂಟದೆತ್ತರದಿಂದ ಕೆಳಗೆ ಬಿಡುತ್ತಿದ್ದರು. ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಅಂಟಿದರೆ ನೀರು ಹೆಚ್ಚು, ನಾಲ್ಕೈದು ಹೋಳಾದರೆ ಸರಿ. 15 ಸೆಂಟಿಮೀಟರ್ ಹಾಸುವುದು, ರೋಲರ್ ಓಡಿಸುವುದು, ಮೈ ಗೀರಿ ಮತ್ತೆ ಹಾಸುವುದು. ಗುತ್ತಿಗೆಯವನಿಗೆ ಇದು ಪರಮ ಬೇಸರದ ಕೆಲಸ. "ಒಂದು ಮೀಟರಿಗೆ ಇಷ್ಟು ದಿನವಾ ಮಾರಾಯ್ರೆ?" ಎಂದು ದಿನಾ ನನ್ನನ್ನು ಕೇಳುತ್ತಿದ್ದ.

ಹೌದು, ಒಂದೇ ಮೀಟರ್. ಜಗಳ ಆದದ್ದು ಅಲ್ಲೇ. ನೆತ್ತಿ ನಾಲ್ಕು ಮೀಟರಿಗೆ ನಿಲ್ಲಬೇಕು, ಕೋಡಿ ಮೂರು ಮೀಟರಿಗೆ, ಆರು ಮೀಟರ್ ಅಗಲ, ಪಾದೆಯ ಮೇಲೆ, ಬಲೆ ಇಲ್ಲ, ಪೈಪು ಇಲ್ಲ ಎಂದರು ಸರ್. ಹಾಗಾದರೆ ಕೆರೆಯ ನೀರು ಮೊದಲಿಗಿಂತ ಒಂದೂವರೆ ಮೀಟರ್ ಕೆಳಗೆ. ಹೊರ ಇಳಿಜಾರು ಮೊದಲು ಗೋಡೆಯಂತಿತ್ತು, ಈಗ ಒಂದಡಿಗೆ ಎರಡೂವರೆ ಅಡಿ ಓರೆ ಮಾಡಿದ್ದರಿಂದ ಹೂದೋಟದ ಅರ್ಧ ಹೋಯಿತು. ಅಕ್ಕನ ಒಂದು ಎಫ್‌ಡಿಯೂ ಹೋಯಿತು. ಲಾವಂಚ ನೆಡುವ ಎಂದರೆ ಅದಕ್ಕೂ ಬೇಡ ಎಂದರು. ಎತ್ತರದ ಹುಲ್ಲು ಬೆಳೆದರೆ ಒಸರೂ ಕಾಣುವುದಿಲ್ಲ, ಏಡಿ ಬಿಲವೂ ಕಾಣುವುದಿಲ್ಲ, ಗರಿಕೆ ಸಾಕು. ಏಡಿಯ ಮಾತು ಬಂದಾಗ ಕೆಲಸದವರು ನಕ್ಕರು. 2019ರಲ್ಲಿ ರತ್ನಗಿರಿಯ ತಿವರೆ ಅಣೆಕಟ್ಟು ಒಡೆದಾಗ ಅಲ್ಲಿನ ಮಂತ್ರಿಯೊಬ್ಬರು ಏಡಿಗಳ ಮೇಲೆ ಹೊರಿಸಿದ್ದು ಇವರಿಗೂ ನೆನಪಿತ್ತು. ಸರ್ ನಗಲಿಲ್ಲ. ಡೆಂಜಿ, ಅಂದರೆ ಏಡಿ, ತೂತು ಮಾಡುವುದು ಹೌದು, ಅದನ್ನು ನೋಡಿ ಮುಚ್ಚುವವ ಒಬ್ಬ ಬೇಕಲ್ಲ ಎಂದರು.

ಹೊರಬದಿಯ ಬುಡದಲ್ಲಿ ಆ ರಾತ್ರಿಯದ್ದನ್ನೇ ಸರಿಯಾಗಿ ಮಾಡಿದೆವು: ಹೊಯಿಗೆ, ಸಣ್ಣ ಜಲ್ಲಿ, ದೊಡ್ಡ ಜಲ್ಲಿ, ಕಲ್ಲು. ಹೊಯಿಗೆಯನ್ನು ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ನೋಡಿ, ಧೂಳು ಹೆಚ್ಚಿದ್ದ ಎರಡು ಲೋಡು ವಾಪಸ್ ಕಳಿಸಿದರು. ಧೂಳಿದ್ದರೆ ಸೋಸುವ ಬಟ್ಟೆಯೇ ಕಟ್ಟಿಕೊಂಡ ಹಾಗೆ. ಮುಚ್ಚಿದ ತೂಬಿನ ಬದಲಿಗೆ ಏರಿಯೊಳಗೆ ಇನ್ನೊಂದು ತೂತು ಬೇಡವೆಂದು ನಾಲ್ಕಿಂಚಿನ ಪೈಪನ್ನು ಏರಿಯ ಮೇಲಿನಿಂದ ದಾಟಿಸಿ ಸೈಫನ್ ಮಾಡಿದರು. ಪೈಪು ತುಂಬಿಸಿ ವಾಲ್ವ್ ಬಿಟ್ಟರೆ ಕರೆಂಟಿಲ್ಲದೆ ಹರಿಯುತ್ತದೆ, ದಿನಕ್ಕೆ ಒಂದಡಿ ಚಿಲ್ಲರೆ.

ಕೆಳಗಿನ ಅಜ್ಜನದ್ದು ಬೇರೆಯೇ ದೂರು. ಕೆರೆ ಖಾಲಿ ಮಾಡಿದ್ದರಿಂದ ಏಪ್ರಿಲಿನಲ್ಲಿ ಅವರ ಬಾವಿಯ ಪಂಪು ಗಾಳಿ ಎಳೆಯಿತು. "ಒಡೀತದೆ ಅಂತ ಹೆದರಿಸಿ ಮನೆ ಬಿಡಿಸಿದ್ರಿ, ಈಗ ನೀರೂ ಇಲ್ಲದ ಹಾಗೆ ಮಾಡಿದ್ರಿ" ಎಂದು ನೇರ ಅಂಗಳಕ್ಕೇ ಬಂದರು. ಆ ಎರಡು ತಿಂಗಳು ಅವರ ಅಡಿಕೆಗೆ ಟ್ಯಾಂಕರ್ ನೀರು ನಾವೇ ಹಾಕಿಸಿದೆವು. ಅದು ನ್ಯಾಯವೇ.

2024ರ ಜೂನ್ ಕೊನೆಗೆ ಕೆರೆ ತುಂಬಿತು. ನೀರು ಅರ್ಧ ಮೀಟರ್ ಏರಿದ ಹಾಗೆಲ್ಲ ಏರಿಯ ಬುಡದಲ್ಲಿ ನಾನೋ ಅಕ್ಕನೋ ಕೊಡೆ ಹಿಡಿದು ನಡೆದು ನೋಡುವುದು. ಕಲ್ಲಿನ ಸಂದಿಯಿಂದ ನೀರು ಬರುತ್ತದೆ, ಬಕೆಟಿಗೆ 70 ಸೆಕೆಂಡು, ಲೋಟ ತಿಳಿ. ಜುಲೈಯಲ್ಲಿ ಕೋಡಿ ಬಿದ್ದ ದಿನ ಆರು ಮೀಟರ್ ಅಗಲಕ್ಕೂ ಒಂದು ಗೇಣು ನೀರು ಕೆಂಪು ಪಾದೆಯ ಮೇಲೆ ಸದ್ದು ಮಾಡುತ್ತಾ ಹೋಗುತ್ತಿತ್ತು. ಜಟ್ಟಿ ಮಾತ್ರ ನೀರಿಗೆ ಎಟುಕದೆ ಕಾಲು ಚಾಚಿ ನಿಂತಿದೆ. ಗೆಸ್ಟ್‌ಗಳು ಇದೇನೆಂದು ಕೇಳುತ್ತಾರೆ.

ಆ ಮಳೆಗೆ ಕೋಡಿಯಲ್ಲಿ ಎಷ್ಟು ಕಾಟ್ಲಾ ಇಳಿದು ಹೋದವೋ ಲೆಕ್ಕವಿಲ್ಲ. ಮರುದಿನ ಮಧ್ಯಾಹ್ನ ಅಜ್ಜನ ಮೊಮ್ಮಗ ಸ್ಟೀಲಿನ ಡಬ್ಬದಲ್ಲಿ ಪುಳಿಮುಂಚಿ ತಂದುಕೊಟ್ಟ. ಅಕ್ಕ ಒಂದು ತುಂಡು ಬಾಯಿಗಿಟ್ಟು, "ಇದು ನಮ್ಮದೇ ಮೀನು" ಎಂದಳು.